ಸುದ್ದಿಯ ಒಡೆತನ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಬರೆಯುವವರೇ ಒಡೆಯರಾಗಿ, ಓದುವವರೇ ಪೋಷಕರಾಗಿ ನಡೆಸುವ ಊರಸುದ್ದಿಯ ಜಾಲತಾಣವೊಂದು ನಮಗೆ ಸಾಧ್ಯವೇ ಎಂಬುದು ಈ ಹೊತ್ತಿನ ವಿಚಾರ. ಸಾಧನವು ಹೊಸದು, ಪ್ರಶ್ನೆಯಾದರೋ ಹಳೆಯದು. ಪತ್ರಿಕೆಯ ವೆಚ್ಚವನ್ನು ಹೊರುವವರು ಯಾರು?

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು ಕಲ್ಲಚ್ಚಿನಲ್ಲಿ ಹೊರತಂದರು. ಕಾಲ ಕಳೆದಂತೆ ಪತ್ರಿಕೆಗಳಿಗೆ ಜಾಹೀರಾತೇ ಮುಖ್ಯ ಆಶ್ರಯವಾಯಿತು. 1980ರಲ್ಲಿ ಪಿ. ಲಂಕೇಶರು ಜಾಹೀರಾತನ್ನು ತೊರೆದು ವಾರಪತ್ರಿಕೆಯನ್ನಾರಂಭಿಸಿ, ಓದುಗರು ಕೊಡುವ ಬೆಲೆಯಿಂದಲೇ ಪತ್ರಿಕೆ ಬದುಕಬಲ್ಲುದೆಂದು ತೋರಿಸಿದರು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಜನರಿಂದ ಷೇರುಹಣ ಕೂಡಿಸಿ ಮಂಗಳೂರಿನಲ್ಲಿ 'ಮುಂಗಾರು' ದಿನಪತ್ರಿಕೆಯನ್ನು ಹೊರಡಿಸಿದರು. ಅದು ಇಂದು ಇಲ್ಲ. ಆದರೆ ಅಲ್ಲಿ ಕೈಪಳಗಿದ ಯುವಕರು ಮುಂದೆ ಕನ್ನಡ ಪತ್ರಿಕಾರಂಗದಲ್ಲಿ ಹೆಸರು ಪಡೆದರು. ಮೂಲಧನವು ಮನೆಯ ತಳಪಾಯವಾದರೆ ವರ್ಷವರ್ಷದ ಚಂದಾ ದೀಪದ ಎಣ್ಣೆ. ಎರಡೂ ಬೇಕೆಂದು ನಾವು ತಿಳಿಯತಕ್ಕದ್ದು.

ಜಾಲತಾಣಕ್ಕೆ ಕಾಗದ ಬೇಡ, ಅಚ್ಚುಕೂಟ ಬೇಡ. ಫ್ರಾನ್ಸಿನಲ್ಲಿ 2008ರಲ್ಲಿ ಪತ್ರಕರ್ತರೇ ಕೂಡಿ ಸ್ಥಾಪಿಸಿದ 'ಮೀಡಿಯಾಪಾರ್' ಎಂಬ ತಾಣವು ಜಾಹೀರಾತಿಲ್ಲದೆ, ಚಂದಾಹಣದಿಂದ ನಡೆದು, ಎರಡು ಲಕ್ಷಕ್ಕೂ ಮಿಕ್ಕ ಚಂದಾದಾರರನ್ನು ಗಳಿಸಿತು. 2019ರಲ್ಲಿ ಅದರ ಒಡೆತನವನ್ನು ಲಾಭೋದ್ದೇಶವಿಲ್ಲದ ನಿಧಿಯೊಂದಕ್ಕೆ ಒಪ್ಪಿಸಲಾಯಿತು; ಮುಂದೆ ಯಾವ ಧನಿಕನೂ ಅದನ್ನು ಕೊಳ್ಳಬಾರದೆಂಬುದೇ ಇದರ ಉದ್ದೇಶ.

ನಮ್ಮ ಮನೆಗಳು ಅಷ್ಟಿಲ್ಲವಲ್ಲ ಎನ್ನಬಹುದು. ಅದು ನಿಜ. ಆದರೆ ನಮ್ಮ ಅಗತ್ಯ ಚಿಕ್ಕದಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ಈ ಕಡೆಯ ಕನ್ನಡಿಗರು ಈ ಕಡೆಯೇ ಉಳಿದೆವು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 2006ರ ಕಾಯಿದೆ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ತಮಿಳು ನಮಗೆ ಅನ್ನವಿಕ್ಕುವ ನಾಡಿನ ನುಡಿ. ಅದರೊಡನೆ ನಮಗೆ ಕಲಹವಿಲ್ಲ. ಆದರೆ ಇಂಥ ಆಜ್ಞೆಯೊಂದು ಹೊರಟಾಗ, ಮಗು ಯಾವ ಭಾಷೆಯ ಪರೀಕ್ಷೆ ಬರೆಯಬೇಕು, ವಿನಾಯಿತಿಯುಂಟೇ, ಅರ್ಜಿ ಯಾರಿಗೆ, ಕಡೆಯ ದಿನ ಯಾವುದು ಎಂದು ಬೆಂಗಳೂರಿನ ಪತ್ರಿಕೆ ನಮಗಾಗಿ ಬರೆಯದು. ಇಲ್ಲಿಯ ಪತ್ರಿಕೆಗೆ ನಾವು ಕೆಲವೇ ಮನೆಯವರು. ಸುದ್ದಿ ತಡವಾಗಿ ಬಂದರೆ ಮಗುವಿನ ಒಂದು ವರ್ಷವೇ ಹೋದೀತು.

ಆದಕಾರಣ, ಮನೆಯೊಂದಕ್ಕೆ ಕೈಲಾದಷ್ಟು ತಿಂಗಳ ಚಂದಾ ಕೊಟ್ಟು ಈ ಕಾರ್ಯವನ್ನು ಆರಂಭಿಸೋಣ. ಮೂರು ಕಟ್ಟುಪಾಡುಗಳಿರಲಿ. ಆಯವ್ಯಯದ ಲೆಕ್ಕ ಎಲ್ಲರ ಕಣ್ಣಿಗೂ ಬೀಳಲಿ. ಹೆಚ್ಚು ಕೊಟ್ಟವರು, ಅವರು ನಮ್ಮ ಸಂಘದ ಹಿರಿಯರೇ ಆಗಿರಲಿ, ಬರೆಹದ ಒಂದು ಅಕ್ಷರವನ್ನೂ ತಿದ್ದದಿರಲಿ. ಬಿಸಿಲಲ್ಲಿ ಅಲೆದು, ಕಚೇರಿಯ ಬಾಗಿಲಲ್ಲಿ ಕಾದು ವಿಷಯ ತರುವ ತರುಣನಿಗೆ ಸಂಭಾವನೆ ತಪ್ಪದೆ ಸಲ್ಲಲಿ. ಅಚ್ಚಿನ ಖರ್ಚು ಉಳಿದೀತು, ಆತನ ಶ್ರಮದ ಖರ್ಚು ಉಳಿಯದು. ಕನ್ನಡ ಲಿಪಿ ತಿಳಿಯದ ಅಜ್ಜ ಅಜ್ಜಿಯರಿಗೆ, ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳು ಸಂಜೆ ಸುದ್ದಿಯನ್ನು ಓದಿ ಹೇಳಲಿ.

ಹನಿಗೂಡಿದರೆ ಹಳ್ಳವೆಂಬ ಹಿರಿಯರ ಮಾತನ್ನು ನೆನೆದು, ತಾಯಿ ಭುವನೇಶ್ವರಿಗೆ ವಂದಿಸಿ, ಈ ಮಾತುಗಳನ್ನು ಮುಗಿಸುತ್ತೇವೆ.