ಉಪ್ಪಿನ ಹರಳು, ಚಿನ್ನದ ರೇಕು

ಅಕ್ಕಸಾಲಿಗನು ಚಿನ್ನದ ಚೂರನ್ನು ಸುತ್ತಿಗೆಯಿಂದ ಬಡಿದಂತೆಲ್ಲ ಅದು ಹರಡುತ್ತ ತಗಡಾಗುತ್ತದೆ. ಇನ್ನೂ ಬಡಿದರೆ, ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವತೆಗಳ ಕಿರೀಟಕ್ಕೆ ಅಂಟಿಸುವ ತೆಳ್ಳನೆಯ ರೇಕಾಗುತ್ತದೆ. ಉಪ್ಪಿನ ಹರಳನ್ನು ಹಾಗೆಯೇ ಬಡಿದು ನೋಡಿ. ಒಂದೇ ಪೆಟ್ಟಿಗೆ ಚೂರುಚೂರು. ಹಾಗೆಂದು ಉಪ್ಪಿನ ಕಟ್ಟು ಸಡಿಲವಾದುದಲ್ಲ. ಅದನ್ನು ಕಾಯಿಸಿ ದ್ರವವಾಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಇಷ್ಟು ಬಿಗಿಯಾದ ವಸ್ತು ಸುತ್ತಿಗೆಗೆ ಸೋಲುವುದೇಕೆ?

ಉಪ್ಪು ಕೊಡುಕೊಳ್ಳುವಿಕೆಯಿಂದ ಹುಟ್ಟಿದುದು. ಸೋಡಿಯಂ ಪರಮಾಣು ತನ್ನ ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಒಪ್ಪಿಸುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಇವು ಪರಸ್ಪರ ಸೆಳೆಯುತ್ತವೆ. ಆದರೆ ಇವು ಜೋಡಿಜೋಡಿಯಾಗಿ ಬಾಳುವ ದಂಪತಿಗಳಲ್ಲ. 1913ರಲ್ಲಿ ಇಪ್ಪತ್ತಮೂರರ ತರುಣ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳ ನೆರವಿನಿಂದ ಕಂಡುಕೊಂಡದ್ದು ಚದುರಂಗದ ಹಾಸಿನಂತಹ ಏರ್ಪಾಡನ್ನು. ಪ್ರತಿಯೊಂದು ಅಯಾನಿನ ಸುತ್ತಲೂ ಆರು ವಿರುದ್ಧ ಅಯಾನುಗಳು. ಉಪ್ಪಿನ ‘ಅಣು’ ಎಂಬುದೇ ಆ ಹರಳಿನಲ್ಲಿರಲಿಲ್ಲ! ಎಂಬತ್ತರ ಹೊಸ್ತಿಲಲ್ಲಿದ್ದ ಆಂಗ್ಲ ರಸಾಯನಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ ಇದನ್ನು ಒಪ್ಪಲಾರದೆ 1927ರಲ್ಲೂ ‘ನೇಚರ್’ ಪತ್ರಿಕೆಯಲ್ಲಿ ಪ್ರತಿಭಟಿಸಿದರು.

ಉಪ್ಪಿನ ಸ್ವಭಾವ ಮಾತ್ರ ಬ್ರಾಗರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಪೆಟ್ಟಿಗೆ ಒಂದು ಪದರ ಒಂದು ಮನೆಯಷ್ಟು ಸರಿದರೆ ಸಾಕು, ಧನದೆದುರು ಧನ, ಋಣದೆದುರು ಋಣ ಬಂದು ನಿಲ್ಲುತ್ತವೆ. ಸೆಳೆತವಿದ್ದಲ್ಲಿ ವಿಕರ್ಷಣೆ ಉಂಟಾಗಿ ಹರಳು ಸೀಳುತ್ತದೆ. ಹರಳಿನಲ್ಲಿ ಅಯಾನುಗಳು ತಮ್ಮ ನೆಲೆ ಬಿಟ್ಟು ಚಲಿಸಲಾರವು. ಆದುದರಿಂದ ವಿದ್ಯುತ್ತು ಹರಿಯದು. ಉಪ್ಪನ್ನು ನೀರಿನಲ್ಲಿ ಕರಗಿಸಿದಾಗ ಅವುಗಳಿಗೆ ಬಿಡುಗಡೆ. ಆಗ ವಿದ್ಯುತ್ತೂ ಹರಿಯುತ್ತದೆ.

ಚಿನ್ನದ ವ್ಯವಸ್ಥೆಯೇ ಬೇರೆ. ಅಲ್ಲಿ ಕೊಡುವವರು, ಪಡೆಯುವವರು ಎಂಬ ಭೇದವಿಲ್ಲ. ಪರಮಾಣುಗಳು ತಮ್ಮ ಹೊರಗಣ ಎಲೆಕ್ಟ್ರಾನುಗಳನ್ನು ಊರ ಕೆರೆಯ ನೀರಿನಂತೆ ಎಲ್ಲಕ್ಕೂ ಸಲ್ಲುವಂತೆ ಬಿಟ್ಟುಕೊಟ್ಟಿವೆ. ಲೋಹದೊಳಗೆ ಎಲೆಕ್ಟ್ರಾನುಗಳು ಅನಿಲದಂತೆ ಸಂಚರಿಸುತ್ತವೆಂಬ ಕಲ್ಪನೆಯನ್ನು 1900ರಲ್ಲಿ ಜರ್ಮನಿಯ ಪಾಲ್ ಡ್ರೂಡ ಮಂಡಿಸಿದರು. ಮುಂದೆ ಕ್ವಾಂಟಂ ಸಿದ್ಧಾಂತ ಅದನ್ನು ತಿದ್ದಿತಾದರೂ ಮೂಲಚಿತ್ರ ಉಳಿದುಬಂದಿದೆ. ಪದರಗಳು ಜಾರಿದರೂ ಬೆಸೆಯುವ ಎಲೆಕ್ಟ್ರಾನುಗಳು ನಡುವೆ ಇದ್ದೇ ಇರುತ್ತವೆ; ಆದುದರಿಂದ ಚಿನ್ನ ಒಡೆಯದೆ ಹರಡುತ್ತದೆ. ತಂತಿಯಲ್ಲಿ ವಿದ್ಯುತ್ತನ್ನು ಒಯ್ಯುವುದೂ, ಒಲೆಯ ಮೇಲಿನ ಪಾತ್ರೆಯ ಅಂಚಿಗೆ ಕಾವನ್ನು ಮುಟ್ಟಿಸುವುದೂ, ಲೋಹಕ್ಕೆ ಹೊಳಪನ್ನು ಕೊಡುವುದೂ ಇದೇ ಸ್ವತಂತ್ರ ಎಲೆಕ್ಟ್ರಾನುಗಳು.

ಬಂಧ ಬಿಗಿಯಾಗಿದ್ದ ಮಾತ್ರಕ್ಕೆ ವಸ್ತು ಪೆಟ್ಟನ್ನು ತಾಳುತ್ತದೆಂದು ಹೇಳುವಂತಿಲ್ಲ. ನೆಲೆ ತಪ್ಪಿದಾಗಲೂ ಉಳಿಯಬಲ್ಲ ಬಂಧ ಬೇಕು. ಉಪ್ಪಿಗಿಲ್ಲದ ಆ ಭಾಗ್ಯ ಚಿನ್ನಕ್ಕಿದೆ.