ಟ್ಯಾಂಕಿನ ತಳ ಕಾಣುವ ಮುನ್ನ

(ಚಂದಕವಾಡಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಬೆಲೆ ವಿಚಾರ, ಸಾಲದ ವಿಚಾರ ಮಾತಾಡೋಕೆ ಅಂತ ನನ್ನನ್ನ ಇಲ್ಲಿ ನಿಲ್ಲಿಸಿದ್ದೀರಿ. ಮಾತಾಡ್ತೀನಿ. ಆದರೆ ಡೀಸೆಲ್ ಟ್ಯಾಂಕಿನಿಂದ ಶುರು ಮಾಡ್ತೀನಿ. "ಇದೇನಪ್ಪ, ಮೆಕ್ಯಾನಿಕ್ ಮಾತಾಡಕ್ಕೆ ಮೈಕ್ ಹಿಡ್ಕಂಡವ್ನೆ" ಅಂತ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಟ್ಯಾಂಕಿನ ತಳದಲ್ಲೇ ನಮ್ಮ ಸಾಲದ ಲೆಕ್ಕವೂ ಕೂತಿದೆ.

ಇಲ್ಲಿ ಕೂತಿರೋರಲ್ಲಿ ಟ್ರಾಕ್ಟರ್ ಇರೋರು ಇದ್ದೀರಿ, ಟಿಲ್ಲರ್ ಇರೋರು ಇದ್ದೀರಿ, ಬಾಡಿಗೆಗೆ ಪಿಕಪ್ ಓಡಿಸೋರು ಇದ್ದೀರಿ. ಬೈಕಂತೂ ಮನೆಮನೆಗೂ ಬಂದಿದೆ. ನಿಮ್ಮಲ್ಲಿ ಎಷ್ಟು ಜನ ಬಂಕಿಗೆ ಹೋಗಿ "ಟ್ಯಾಂಕ್ ತುಂಬಿಸಪ್ಪ" ಅಂತೀರಿ? ಬೆರಳೆಣಿಕೆ. ಮುನ್ನೂರಕ್ಕೆ ಹಾಕು, ಐನೂರಕ್ಕೆ ಹಾಕು, ಇದೇ ನಮ್ಮ ಬಾಯಿಪಾಠ. ಹೊಲದಲ್ಲಿ ಡ್ರೈವರ್ ಹುಡುಗ ಕೂಗ್ತಾನೆ: "ಅಣ್ಣೋ, ಎಣ್ಣೆ ಮುಗೀತಾ ಬಂತು ಕಣಣ್ಣ." ಮಾಲೀಕ ಬದುವಿನ ಮೇಲೆ ನಿಂತು ಹೇಳ್ತಾನೆ: "ಇನ್ನೆರಡು ಸುತ್ತು ಹೊಡಿ ಬುಡ್ಲಾ, ಸಂಜೆಗೆ ತರ್ಸೋಣ." ಆ ಎರಡು ಸುತ್ತಿನಲ್ಲಿ ಏನು ಆಗುತ್ತೆ ಅನ್ನೋದನ್ನ ಮೊದಲು ನೋಡೋಣ.

ಎತ್ತು ಕಟ್ಟಿ ಉಳುತ್ತಿದ್ದ ಕಾಲದಲ್ಲಿ ಹೊಟ್ಟೆ ಖಾಲಿಯಾದ ಎತ್ತು ಸಾಲಿನಲ್ಲೇ ನಿಂತುಬಿಡುತ್ತಿತ್ತು. ನೊಗ ಇಳಿಸಿ, ನೀರು ತೋರಿಸಿ, ಒಂದು ಕಂತೆ ಹುಲ್ಲು ಹಾಕಿ, ಒಂದು ಗಳಿಗೆ ಬಿಟ್ಟರೆ ಮತ್ತೆ ಹೆಗಲು ಕೊಡುತ್ತಿತ್ತು. ಡೀಸೆಲ್ ಇಂಜಿನ್ ಹಾಗಲ್ಲ. ಖಾಲಿಯಾಗಿ ನಿಂತ ಮೇಲೆ ನೀವು ಎಣ್ಣೆ ಸುರಿದರೂ ಅದು ಏಳೋದಿಲ್ಲ. ಯಾಕೆ?

ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ ಕಿಡಿ ಕೊಡುತ್ತೆ. ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿ ಕಾಯಿಸಿ, ಆ ಕಾವಿನೊಳಕ್ಕೆ ನಾಜಲ್‌ನಿಂದ ಎಣ್ಣೆಯನ್ನು ಮಂಜಿನ ಹಾಗೆ ಚಿಮ್ಮಿಸಬೇಕು. ಅಷ್ಟು ಜೋರಾಗಿ ಚಿಮ್ಮಿಸೋದು ಇಂಜೆಕ್ಷನ್ ಪಂಪು. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗೋದಿಲ್ಲ, ಒತ್ತಡ ನೇರ ನಾಜಲ್ ಮುಟ್ಟುತ್ತೆ. ಟ್ಯಾಂಕು ಖಾಲಿಯಾದಾಗ ಪೈಪಿನೊಳಕ್ಕೆ ಗಾಳಿ ಹೋಗುತ್ತೆ. ಗಾಳಿ ಹತ್ತಿಯ ಮೂಟೆ ಇದ್ದ ಹಾಗೆ, ಒತ್ತಿದಷ್ಟೂ ಕುಗ್ಗುತ್ತೆ. ಪಂಪು ಒತ್ತುತ್ತಲೇ ಇರುತ್ತೆ, ನಾಜಲ್ ಬಾಯಿ ಬಿಡೋದಿಲ್ಲ. ಇದನ್ನೇ ನಾವು "ಏರ್ ಹಿಡೀತು" ಅನ್ನೋದು.

ಇನ್ನೊಂದು ವಿಚಾರ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಆ ಪಂಪಿನೊಳಗೆ ಓಡಾಡುವ ಭಾಗಗಳಿಗೂ ಅದರ ಗೂಡಿಗೂ ನಡುವೆ ಇರುವ ಸಂದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಸಣ್ಣದು. ಆ ಸಂದಿಗೆ ಜಾರಿಕೆ ಕೊಡೋದು ಡೀಸೆಲ್ಲೇ. ಎಣ್ಣೆ ಬದಲು ಗಾಳಿ, ನೀರು, ಕೊಳೆ ಹೋದರೆ ಲೋಹಕ್ಕೆ ಲೋಹ ಉಜ್ಜುತ್ತೆ. ಇವತ್ತೇ ಕೆಡುತ್ತೆ ಅಂತ ಅಲ್ಲ. ಮೂರು ಸಲ, ಆರು ಸಲ ಹೀಗೇ ಖಾಲಿ ಮಾಡಿಸಿದ ಮೇಲೆ ಒಂದು ದಿನ ಹೊಗೆ ಜಾಸ್ತಿ ಆಗುತ್ತೆ, ಎಳೆತ ಕಮ್ಮಿ ಆಗುತ್ತೆ. ಆಗ ಪಂಪು ಬಿಚ್ಚಿ ಪಟ್ಟಣಕ್ಕೆ ಹೊರಬೇಕು. ಸಂಜೆಗೆ ತರಿಸೋಣ ಅಂದ ಐನೂರು ರೂಪಾಯಿ ಅಲ್ಲಿ ಸಾವಿರಗಳ ಬಿಲ್ಲಾಗಿ ಬರುತ್ತೆ.

ಟ್ಯಾಂಕಿನ ತಳದ ಕೊಳೆ ವಿಚಾರ. "ಎಣ್ಣೆ ಕಮ್ಮಿ ಆದಾಗ ಮಾತ್ರ ಕೊಳೆ ಎಳೀತದೆ" ಅಂತ ಹೇಳೋರಿದ್ದಾರೆ. ಅದು ಅರ್ಧ ನಿಜ. ಎಣ್ಣೆಯನ್ನು ಯಾವಾಗಲೂ ತಳದ ಹತ್ತಿರದಿಂದಲೇ ಎಳೆಯೋದು. ಆದರೆ ಟ್ಯಾಂಕು ತುಂಬಿದ್ದಾಗ ತಳ ಅಲ್ಲಾಡೋದಿಲ್ಲ. ಎರಡು ಬೆರಳು ಎಣ್ಣೆ ಇದ್ದಾಗ, ಹೊಲದ ಹೆಂಟೆ ಮೇಲೆ ಗಾಡಿ ಕುಣಿಯುವಾಗ, ಅಡಿಯಲ್ಲಿದ್ದ ನೀರು ಕೊಳೆ ಎಲ್ಲ ಕದಡಿ ಮೇಲೇಳುತ್ತೆ. ಬದು ಹತ್ತುವಾಗ, ಇಳಿಜಾರಿನಲ್ಲಿ ತಿರುಗುವಾಗ ಎಣ್ಣೆ ಒಂದು ಮಗ್ಗುಲಿಗೆ ಹೋಗಿ, ಟ್ಯಾಂಕಿನಲ್ಲಿ ಎಣ್ಣೆ ಇದ್ದರೂ ಗಾಳಿ ಹಿಡಿಯುತ್ತೆ. ನೀರು ಎಲ್ಲಿಂದ ಬಂತು ಅಂತೀರಾ? ಖಾಲಿ ಟ್ಯಾಂಕಿನ ತುಂಬ ಗಾಳಿ. ರಾತ್ರಿ ತಂಪಿಗೆ ಆ ಗಾಳಿಯ ತೇವ ಒಳಗೋಡೆಗೆ ಬೆವರಿನ ಹಾಗೆ ಕಟ್ಟಿ ಕೆಳಕ್ಕೆ ಇಳಿಯುತ್ತೆ. ಅದಕ್ಕೇ ಹಳೇ ಡ್ರೈವರುಗಳು ಕೆಲಸ ಮುಗಿಸಿ ಸಂಜೆಯೇ ಟ್ಯಾಂಕ್ ತುಂಬಿಸುತ್ತಿದ್ದರು, ಬೆಳಿಗ್ಗೆಯಲ್ಲ.

ನಿಂತೇಹೋಯಿತು ಅನ್ನಿ, ಏನು ಮಾಡಬೇಕು? ಒಂದು ಬಾಟಲಿ ಎಣ್ಣೆ ತಂದು ಸುರಿಯೋದು ಸಾಲದು, ಐದಾರು ಲೀಟರಾದರೂ ಹಾಕಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ. ಗುಳ್ಳೆ ನಿಂತು ಬರೀ ಎಣ್ಣೆ ಬಂದ ಮೇಲೆ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಎರಡನೇ ಫಿಲ್ಟರಿಗೂ ಹೀಗೇ, ಆಮೇಲೆ ಇಂಜೆಕ್ಷನ್ ಪಂಪಿಗೂ ಹೀಗೇ. ಸೆಲ್ಫನ್ನು ಒಂದೇ ಸಮನೆ ಒತ್ತಬೇಡಿ, ಹತ್ತು ಸೆಕೆಂಡ್ ಒತ್ತಿ ಸ್ವಲ್ಪ ಬಿಡಿ. ಇಲ್ಲದಿದ್ದರೆ ಎಣ್ಣೆ ಜೊತೆಗೆ ಬ್ಯಾಟರಿಯೂ ಹೋಯಿತು. ನಾಜಲ್ ಚಿಮ್ಮುವ ಜಾಗಕ್ಕೆ ಕೈ ಒಡ್ಡಬೇಡಿ, ಆ ಜೋರಿಗೆ ಡೀಸೆಲ್ ಚರ್ಮ ತೂರಿ ಒಳಕ್ಕೆ ಹೋಗುತ್ತೆ. ಪಕ್ಕದ ಗಾಡಿಯಿಂದ ಪೈಪು ಹಾಕಿ ಬಾಯಲ್ಲಿ ಎಳೆಯೋ ಅಭ್ಯಾಸ ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ.

ಇದು ಹಳೇ ಟ್ರಾಕ್ಟರಿನ ಮಾತು. 2023ರ ಜನವರಿಯಿಂದ 50 ಎಚ್.ಪಿ. ಮೇಲಿನ ಹೊಸ ಟ್ರಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಬಹಳಷ್ಟು ಕಾಮನ್ ರೈಲ್ ಇಂಜಿನ್. ಅದರ ಪೈಪಿನ ನಟ್ಟು ಬಿಚ್ಚುವ ಸಾಹಸ ನಾವು ಮಾಡುವ ಹಾಗಿಲ್ಲ, ಕಂಪನಿಯವನೇ ಬರಬೇಕು. ಬೈಕಿನ ಕಥೆಯೂ ಅಷ್ಟೆ. ಮೊದಲು ಒಂದು ತಿರುಗಣೆ ಇತ್ತು, ಪೆಟ್ರೋಲ್ ನಿಂತರೆ ರಿಸರ್ವಿಗೆ ತಿರುಗಿಸಿ ಬಂಕ್ ಸೇರುತ್ತಿದ್ದೆವು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಆ ತಿರುಗಣೆ ಕಾಣೆಯಾಯಿತು, ದೀಪ ಬಂತು. ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಕೂತಿದೆ, ಕರೆಂಟಿನ ಪಂಪು. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡೋದು. ದಿನಾ ದೀಪ ಹತ್ತಿಸಿಕೊಂಡೇ ಓಡಿಸಿದರೆ ಪಂಪು ಬಿಸಿಯಾಗಿ ಬೇಗ ಸವೆಯುತ್ತೆ.

ಈಗ ರಸ್ತೆಗೆ ಬರೋಣ. ನಮ್ಮ ಜಿಲ್ಲೆಯ ರೈತನ ಮಾರುಕಟ್ಟೆ ಕಾಡಿನ ಆಚೆಗಿದೆ. ಅರಿಶಿನ ಈರೋಡಿಗೆ, ಹೂವು ಸತ್ಯಮಂಗಲಕ್ಕೆ. ಪುಣಜನೂರು ಚೆಕ್‌ಪೋಸ್ಟ್ ದಾಟಿ, ಹಾಸನೂರು ದಾಟಿ, ದಿಂಬಂ ಘಟ್ಟದ 27 ತಿರುವು ಇಳಿಯಬೇಕು. ಗುಂಡ್ಲುಪೇಟೆ ಕಡೆಯೋರು ತೆರಕಣಾಂಬಿಯಿಂದ ತರಕಾರಿ ತುಂಬಿಕೊಂಡು ಬಂಡೀಪುರ ದಾಟಿ ಕೇರಳಕ್ಕೆ, ನೀಲಗಿರಿಗೆ ಹೋಗ್ತಾರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ದಿಂಬಂನಲ್ಲೂ 2022ರ ಫೆಬ್ರುವರಿಯಿಂದ ರಾತ್ರಿ ಓಡಾಟಕ್ಕೆ ಕಟ್ಟುಪಾಡು ಇದೆ. ಕಾಡಿನ ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ. ಹಾಸನೂರು ಕಡೆ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳನ್ನು ನೀವೆಲ್ಲ ನೋಡಿದ್ದೀರಿ. ಅಂಥ ಜಾಗದಲ್ಲಿ ಎಣ್ಣೆ ಮುಗಿದು ನಿಂತರೆ ನಿಮ್ಮ ಗಾಡಿ ಯಾರು ತಳ್ಳಬೇಕು? ಗೇಟು ಮುಚ್ಚುವ ಹೊತ್ತು ಮೀರಿದರೆ ಹೂವು ಬಾಡಿ ಕಸವಾಗುತ್ತೆ. ಆನೆ ಬಂದರೆ ಹೂವಿನ ಲೆಕ್ಕವೇ ಬೇಡ.

ಘಟ್ಟದಲ್ಲಿ ನಮ್ಮ ಹುಡುಗರು ಮಾಡುವ ಒಂದು ಕೆಲಸ ಹೇಳಲೇಬೇಕು. ಎಣ್ಣೆ ಕಮ್ಮಿ ಇದೆ ಅಂತ ನ್ಯೂಟ್ರಲ್ ಮಾಡಿಕೊಂಡು ಇಳಿಯೋದು. ಕೆಲವರು ಇಂಜಿನ್ನೇ ಆಫ್ ಮಾಡ್ತಾರೆ. ಇದರಿಂದ ಎಣ್ಣೆ ಉಳಿಯುತ್ತೆ ಅನ್ನೋದು ಭ್ರಮೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಇಂಜಿನ್ ತಿರುಗಿಸುತ್ತೆ, ಪಂಪು ಎಣ್ಣೆ ನಿಲ್ಲಿಸಿಬಿಡುತ್ತೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನೇ ಉರಿಯಬೇಕು, ಎಣ್ಣೆ ಬೇಕೇ ಬೇಕು. ಅಂದರೆ ಉಳಿಸೋಕೆ ಹೋಗಿ ಖರ್ಚು ಮಾಡಿದ ಹಾಗೆ. ಇಂಜಿನ್ ಆಫ್ ಆದರೆ ಬ್ರೇಕು ಕಲ್ಲಾಗುತ್ತೆ, ಸ್ಟಿಯರಿಂಗ್ ಬಿಗಿಯುತ್ತೆ. ಹಿಂದೆ ಟ್ರೈಲರ್ ಇದ್ದರೆ ಅದು ತಳ್ಳಿಕೊಂಡೇ ಬರುತ್ತೆ. ಎರಡು ರೂಪಾಯಿ ಡೀಸೆಲ್ಲಿಗೆ ಜೀವ ಅಡ ಇಡಬೇಡಿ.

ಬಾಂಧವರೇ, ಇಷ್ಟೆಲ್ಲ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೂ ಯಾಕೆ ಖಾಲಿ ಟ್ಯಾಂಕಿನಲ್ಲಿ ಓಡಿಸ್ತೀವಿ? ಸೋಮಾರಿತನವಾ? ಅಲ್ಲ. ಜೇಬಿನಲ್ಲಿ ಐನೂರಕ್ಕಿಂತ ಹೆಚ್ಚು ಇರೋದಿಲ್ಲ. ಇನ್ನು ಆ ಐನೂರರ ಲೆಕ್ಕ ನೋಡಿ.

ಬಂಕು ಊರಿಂದ 6 ಕಿ.ಮೀ. ಅಂತ ಇಟ್ಟುಕೊಳ್ಳಿ. ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋಗಿ ಬಂದರೆ 12 ಕಿ.ಮೀ. ಲೀಟರಿಗೆ 48 ಕಿ.ಮೀ. ಓಡುವ ಬೈಕಿಗೆ ಕಾಲು ಲೀಟರ್ ಪೆಟ್ರೋಲ್ ಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ ಲೀಟರಿಗೆ ನೂರು ರೂಪಾಯಿ ಹಿಡಿಯಿರಿ, 25 ರೂಪಾಯಿ ಆಯಿತು. ಐನೂರು ರೂಪಾಯಿ ಡೀಸೆಲ್ ತರೋಕೆ 25 ರೂಪಾಯಿ ಖರ್ಚು. ನೂರಕ್ಕೆ ಐದು! ಉಳುಮೆ ತಿಂಗಳಲ್ಲಿ ಹೀಗೆ 20 ಸಲ ಹೋದರೆ 10,000 ರೂಪಾಯಿ ಡೀಸೆಲ್ಲಿಗೆ 500 ರೂಪಾಯಿ ಬರೀ ಓಡಾಟಕ್ಕೆ ಹೋಯಿತು. ಅದೇ 10,000 ರೂಪಾಯಿಯನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಹುಕಾರನ ಹತ್ತಿರ ತಂದಿದ್ದರೂ ತಿಂಗಳಿಗೆ 300 ರೂಪಾಯಿ ಆಗುತ್ತಿತ್ತು. ನಾವು ಬೈಯುವ ಬಡ್ಡಿ ಸಾಹುಕಾರನಿಗಿಂತ ಖಾಲಿ ಟ್ಯಾಂಕು ಹೆಚ್ಚು ಕಿತ್ತುಕೊಳ್ಳುತ್ತಿದೆ. ಹೋಗಿಬರುವ ಹೊತ್ತು, ಕೂತ ಡ್ರೈವರಿನ ಕೂಲಿ, ಕೆಟ್ಟ ಪಂಪು, ಇವು ಈ ಲೆಕ್ಕಕ್ಕೆ ಸೇರೇ ಇಲ್ಲ. ಎಲ್ಲಕ್ಕಿಂತ ದೊಡ್ಡದು ಹದ. ಏಪ್ರಿಲ್-ಮೇ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಟ್ರಾಕ್ಟರ್ ಅರ್ಧ ದಿನ ಏರ್ ಹಿಡಿದು ನಿಂತರೆ, ಆ ತೇವ ನಮಗಾಗಿ ಕಾಯುತ್ತಾ?

ಬಡವನಿಗೆ ಚಿಲ್ಲರೆ ದುಬಾರಿ, ಇದ್ದವನಿಗೆ ಸಗಟು ಅಗ್ಗ. ಉಪ್ಪಿನಲ್ಲೂ ಇದೇ, ಗೊಬ್ಬರದಲ್ಲೂ ಇದೇ, ಡೀಸೆಲ್ಲಿನಲ್ಲೂ ಇದೇ.

ಇನ್ನು ಸರ್ಕಾರದ ಕಡೆ ತಿರುಗೋಣ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟರು. 2017ರ ಜೂನ್‌ನಿಂದ ಬೆಳಿಗ್ಗೆ 6 ಗಂಟೆಗೆ ದಿನದ ಬೆಲೆ ಅಂದರು. ಪೇಟೆ ಬೆಲೆ ಬಿದ್ದರೆ ನಿಮಗೂ ಇಳಿಯುತ್ತೆ ಅಂದರು. 2020ರಲ್ಲಿ ಪ್ರಪಂಚದಲ್ಲೆಲ್ಲ ಕಚ್ಚಾ ತೈಲ ನೆಲ ಕಚ್ಚಿದಾಗ ಏನಾಯಿತು? ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ ಸುಂಕ ಏರಿಸಿತು. ಆಮೇಲೆ 2021ರ ನವೆಂಬರ್‌ನಲ್ಲಿ 10, 2022ರ ಮೇನಲ್ಲಿ 6 ರೂಪಾಯಿ ಇಳಿಸಿದರು, ಇಲ್ಲ ಅನ್ನೋದಿಲ್ಲ. ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ ಡೀಸೆಲ್ ಮಾರಾಟ ತೆರಿಗೆ ಶೇ. 14.34ರಿಂದ 18.44ಕ್ಕೆ ಏರಿತು. 2025ರ ಏಪ್ರಿಲ್ 1ರಿಂದ ಶೇ. 21.17. ಪಕ್ಷ ಯಾವುದಾದರೇನು, ಇಬ್ಬರ ಕೈಯೂ ನಮ್ಮ ಟ್ಯಾಂಕಿನಲ್ಲೇ ಇದೆ.

2022ರ ರಾಜ್ಯ ಬಜೆಟ್ಟಿನಲ್ಲಿ "ರೈತ ಶಕ್ತಿ" ಅಂತ ಒಂದು ಯೋಜನೆ ಹೇಳಿದರು. ಡೀಸೆಲ್ಲಿಗೆ ಎಕರೆಗೆ 250 ರೂಪಾಯಿ, ಐದು ಎಕರೆವರೆಗೆ, ಹೆಚ್ಚೆಂದರೆ 1,250. ಲೀಟರಿಗೆ 90 ಅಂದರೆ ಎಕರೆಗೆ ಎರಡೂಮುಕ್ಕಾಲು ಲೀಟರ್. ಅದರಲ್ಲಿ ಒಂದು ಬೆಳೆಯ ಉಳುಮೆ ಮುಗಿಯುತ್ತಾ, ನೀವೇ ಹೇಳಿ. ಆದರೂ ಹಾದಿ ಸರಿ ಇತ್ತು. ರೈತನ ಡೀಸೆಲ್ ಬೇರೆ, ಮೋಜಿನ ಡೀಸೆಲ್ ಬೇರೆ ಅನ್ನೋದನ್ನ ಒಪ್ಪಿಕೊಂಡಂತಾಯಿತು.

ಆದ್ದರಿಂದ ನಮ್ಮ ಕೇಳಿಕೆ ಇಷ್ಟು. ಒಂದು, ಹೊಲ ಉಳುವ ಡೀಸೆಲ್ ಮೇಲಿನ ರಾಜ್ಯ ತೆರಿಗೆಯನ್ನು ಪಹಣಿ ನೋಡಿ, ಎಕರೆ ಲೆಕ್ಕದಲ್ಲಿ, ರೈತನ ಖಾತೆಗೆ ವಾಪಸ್ ಕೊಡಬೇಕು. ಎರಡು, ಸಹಕಾರ ಸಂಘದ ಬೆಳೆಸಾಲಕ್ಕೆ ಬಡ್ಡಿ ಇಲ್ಲ, 2023ರ ಬಜೆಟ್ಟಿನಲ್ಲಿ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದೀವಿ ಅಂದರು. ಸಂತೋಷ. ಆದರೆ ಬಿತ್ತನೆ ಮುಗಿದ ಮೇಲೆ ಬರುವ ಸಾಲ ಟ್ಯಾಂಕು ತುಂಬಿಸೋದಿಲ್ಲ. ಮುಂಗಾರಿಗೆ ಮುಂಚೆ, ಏಪ್ರಿಲ್‌ನಲ್ಲೇ ಹಣ ಕೈಗೆ ಬರಬೇಕು.

ಮೂರನೆಯದು ಸರ್ಕಾರವನ್ನು ಕೇಳುವಂಥದ್ದಲ್ಲ, ನಾವೇ ಮಾಡಬೇಕಾದ್ದು. ನಾಲ್ಕೈದು ಮನೆಯವರು ಸೇರಿ ಒಂದು ಕಬ್ಬಿಣದ ಡ್ರಮ್ಮು ಡೀಸೆಲ್ ಒಟ್ಟಿಗೆ ತರಿಸಿ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ 2,500 ಲೀಟರ್‌ವರೆಗೆ ಡೀಸೆಲ್ ಇಡೋಕೆ ಲೈಸೆನ್ಸು ಬೇಡ, ಒಂದೊಂದು ಪಾತ್ರೆ 1,000 ಲೀಟರ್ ಮೀರಬಾರದು ಅಷ್ಟೆ. ಪೆಟ್ರೋಲ್ ಬೇರೆ, ಅದು ಬೆಂಕಿ, ಅದನ್ನು ಮನೆಯಲ್ಲಿ ಕೂಡಿಡಬೇಡಿ. ಡ್ರಮ್ಮನ್ನು ನೆರಳಿನಲ್ಲಿ, ಒಲೆಗೆ ದೂರವಾಗಿ ಇಡಿ. ತಂದ ದಿನ ಅಲ್ಲಾಡಿಸದೆ ತಿಳಿಯಾಗಲು ಬಿಡಿ, ಜಾಲರಿ ಆಲಿಕೆಯಲ್ಲಿ ಸೋಸಿ ಹಾಕಿ. ಯಾರು ಎಷ್ಟು ತಗೊಂಡರು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಲೆಕ್ಕ ಬರೆಯೋ ಕೆಲಸ ಅಕ್ಕಂದಿರ ಕೈಗೆ ಕೊಡಿ, ಸ್ವಸಹಾಯ ಸಂಘದ ಪುಸ್ತಕ ಹೇಗಿಡುತ್ತಾರೆ ಅಂತ ನೋಡಿದ್ದೀರಲ್ಲ.

ಮುಳ್ಳು ಕಾಲು ಭಾಗಕ್ಕೆ ಬಂದಾಗಲೇ ತುಂಬಿಸಿ. ಮುಳ್ಳು ಕೆಟ್ಟಿದ್ದರೆ ಒಂದು ಕಡ್ಡಿಗೆ ಗೆರೆ ಹಾಕಿಕೊಂಡು ಅಳೆಯಿರಿ. ಡ್ರಮ್ಮಿನ ವಿಚಾರ ಇವತ್ತೇ, ಸಭೆ ಮುಗಿದ ಮೇಲೆ, ಊರಿನವರು ಊರಿನವರು ಕೂತು ತೀರ್ಮಾನ ಮಾಡಿ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕ ತನ್ನಿ. ಎಕರೆಗೆ ಎಷ್ಟು ಲೀಟರ್ ಕುಡಿಯಿತು, ಅದರಲ್ಲಿ ತೆರಿಗೆ ಎಷ್ಟು ಹೋಯಿತು ಅನ್ನೋದನ್ನ ನಮ್ಮ ಕೈಬರಹದಲ್ಲೇ ಬರೆದು ಜಿಲ್ಲಾಧಿಕಾರಿಗಳ ಮುಂದೆ ಇಡೋಣ. ಘೋಷಣೆಗೆ ಉತ್ತರ ಕೊಡದೆ ಹೋಗಬಹುದು, ಲೆಕ್ಕಕ್ಕೆ ಉತ್ತರ ಕೊಡಲೇಬೇಕು.