ಓದಿದ ಪಾಠಕ್ಕೆ ರೇಖೆಯ ನೆರವು



ನಾನು ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿ ಬೆಳೆದವನು. ಧಾರಣಶಕ್ತಿಯ ಬೆಲೆಯನ್ನು ಬಲ್ಲೆನು. ಆದರೆ ಒಮ್ಮೆ, ಕೆರೆಯ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಬಾಲಕನನ್ನು “ಕೆರೆಯಲ್ಲಿ ಹೂಳು ತುಂಬಿದರೆ ಬಾವಿಯು ಬತ್ತುವುದೇಕೆ?” ಎಂದು ಕೇಳಲು, ಅವನು ತಲೆ ತಗ್ಗಿಸಿದನು. ಆ ತಪ್ಪು ಅವನದಲ್ಲ, ಕಲಿಸಿದ ನನ್ನದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ಎಂಬ ವಿದ್ವಾಂಸರು 1972ರಲ್ಲಿ ಸಹೋದ್ಯೋಗಿಗಳೊಡನೆ ‘ಪರಿಕಲ್ಪನಾ ನಕ್ಷೆ’ಯನ್ನು ರೂಪಿಸಿದರು. ಹೊಸ ಅರಿವು ಹಳೆಯ ಅರಿವಿನೊಡನೆ ಕೂಡಿದಾಗಲೇ ನೆಲೆಗೊಳ್ಳುವುದೆಂಬ ಡೇವಿಡ್ ಆಸುಬೆಲ್ ಅವರ ಮತವೇ ಇದಕ್ಕೆ ತಳಹದಿ. ಪಾಠದ ಮುಖ್ಯ ಪದಗಳನ್ನು ಚೌಕಗಳಲ್ಲಿ ಬರೆದು, ಗೆರೆಗಳಿಂದ ಕೂಡಿಸಿ, ಗೆರೆಯ ಮೇಲೆ ಅವುಗಳ ಸಂಬಂಧವನ್ನು ಹೇಳುವ ಮಾತನ್ನು ಬರೆಯತಕ್ಕದ್ದು.

ಆ ಬಾಲಕನಿಂದ ಹಾಗೆಯೇ ಮಾಡಿಸಿದೆನು. ‘ಹೂಳು’, ‘ಕೆರೆಯ ನೀರು’ ಇವುಗಳ ನಡುವೆ ‘ಕುಗ್ಗಿಸುವುದು’ ಎಂದೂ, ‘ಕೆರೆಯ ನೀರು’, ‘ಬಾವಿ’ ಇವುಗಳ ನಡುವೆ ‘ನೆಲದಲ್ಲಿ ಇಂಗಿ ತುಂಬುವುದು’ ಎಂದೂ ಬರೆದನು. ಬರೆಯುತ್ತಿರುವಾಗಲೇ ಉತ್ತರವು ಅವನಿಗೆ ಹೊಳೆಯಿತು. ಗೆರೆಯ ಮೇಲಣ ಮಾತಿನಲ್ಲಿಯೇ ತಿಳಿವಳಿಕೆಯು ಪ್ರಕಟವಾಗುವುದು. ಮಾತು ಸಿಕ್ಕದ ಕಡೆ ಪಾಠವನ್ನು ಮರಳಿ ಓದಬೇಕೆಂದು ತಾನಾಗಿಯೇ ಗೊತ್ತಾಗುವುದು.

1986ರಲ್ಲಿ ಡೋನಾ ಓಗಲ್ ಎಂಬ ವಿದುಷಿಯು ಪ್ರಕಟಿಸಿದ ಮೂರು ಅಂಕಣಗಳ ಪಟ್ಟಿಯೂ ಉಪಯುಕ್ತವಾದುದು: ಬಲ್ಲುದು, ತಿಳಿಯಬೇಕಾದುದು, ಓದಿ ತಿಳಿದುದು. ಮೊದಲೆರಡನ್ನು ಓದುವ ಮುನ್ನವೇ ತುಂಬಿಸತಕ್ಕದ್ದು.

ಒಂದು ಎಚ್ಚರಿಕೆ. ಉಪಾಧ್ಯಾಯರು ಬರೆದುದನ್ನೇ ಮಕ್ಕಳು ನಕಲು ಮಾಡಿದರೆ ಅದೂ ಇನ್ನೊಂದು ಕಂಠಪಾಠವೇ ಸರಿ. ಗೆರೆಯನ್ನು ಮಗುವೇ ಎಳೆಯಬೇಕು. ತಪ್ಪಿದರೆ ತಾನೇ ಅಳಿಸಬೇಕು. ಕಂಠಪಾಠವು ಬೀಜವನ್ನು ಕಣಜದಲ್ಲಿ ಕಾಯುವುದು. ವಿಚಾರವು ಅದನ್ನು ಬಿತ್ತುವುದು. ನಮಗೆ ಎರಡೂ ಬೇಕು.